ಕೌದಿಯ ಒಳಮೈ: ವಸ್ತುಸಂಗ್ರಹಾಲಯದಲ್ಲಿ ಬಹುತ್ವದ ಪ್ರದರ್ಶನ ಮತ್ತು ಜಾನಪದ ದಾಖಲಾತಿಯ ಪ್ರಶ್ನೆಗಳು

ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ಕೌದಿಯನ್ನು ಎರಡು ನೆಲೆಗಳಲ್ಲಿ ಕಾಣಬಹುದು. ಜೆ.ಪಿ. ನಗರ, ಬನಶಂಕರಿಗಳ ಹೊಸ ವಿಸ್ತರಣೆಗಳಲ್ಲಿ ಏಳುತ್ತಿರುವ ಕಟ್ಟಡಗಳ ಪಕ್ಕದಲ್ಲಿ, ಕಲಬುರಗಿ, ಯಾದಗಿರಿ, ರಾಯಚೂರು ಕಡೆಗಳಿಂದ ದುಡಿಯಲು ಬಂದ ಕುಟುಂಬಗಳ ತಗಡಿನ ಶೆಡ್ಡುಗಳ ಮುಂದೆ ಒಣಗಲು ಹರವಿದ ಕೌದಿಗಳು ಒಂದು ಬಗೆಯವು. ಅದೇ ಬಡಾವಣೆಗಳ ಕೆಲವು ಮನೆಗಳ ಪಡಸಾಲೆಯ ಗೋಡೆಯ ಮೇಲೆ, ಕರಕುಶಲ ಮಳಿಗೆಗಳ ಗಾಜಿನ ಹಿಂದೆ ಕಲಾವಸ್ತುವಾಗಿ ತೂಗುವ ಕೌದಿಗಳು ಇನ್ನೊಂದು ಬಗೆಯವು. ಮೊದಲನೆಯದನ್ನು ಕಂಡವರಿಗೆ ಬಡತನ ನೆನಪಾಗುತ್ತದೆ. ಎರಡನೆಯದನ್ನು ಕಂಡವರು ಪರಂಪರೆ, ವೈವಿಧ್ಯ, ಸೌಂದರ್ಯ ಎಂಬ ಮಾತುಗಳನ್ನು ಆಡುತ್ತಾರೆ. ಹೊಲಿಗೆಯ ವಿಧಾನವನ್ನಷ್ಟೇ ನೋಡಿದರೆ ಇವೆರಡರ ನಡುವೆ ಹೇಳಿಕೊಳ್ಳುವಂತಹ ಅಂತರವಿಲ್ಲ. ಅಂತರ ಇರುವುದು ವಸ್ತುವನ್ನು ನಿಲ್ಲಿಸಿದ ಜಾಗದಲ್ಲಿ.

ಈ ಎರಡು ನೆಲೆಗಳಿಗೆ ಮೂರನೆಯದೊಂದು ಸೇರಿದೆ: ವಸ್ತುಸಂಗ್ರಹಾಲಯ. ಹಲವು ಬಣ್ಣಗಳ ತುಂಡುಬಟ್ಟೆಗಳನ್ನು ಒಂದೇ ಹಾಸಿನಲ್ಲಿ ಜೋಡಿಸಿದ ಕೌದಿಯು ಬಹುಸಂಸ್ಕೃತಿಯ ಸಂಕೇತವಾಗಿ ಜಗತ್ತಿನ ಅನೇಕ ಸಂಗ್ರಹಾಲಯಗಳಿಗೆ ಒಗ್ಗಿದೆ. ಕರ್ನಾಟಕದ ಕೌದಿಯೂ, ಅದರಲ್ಲಿ ಮುಖ್ಯವಾಗಿ ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕೌದಿಯು, ಈ ಹಾದಿಯಲ್ಲಿ ಬಹುದೂರ ಸಾಗಿದೆ. ಹೀಗೆ ಸಾಗುವಾಗ ವಸ್ತುವಿನೊಂದಿಗೆ ಏನು ಹೋಗುತ್ತದೆ, ಏನು ಹಿಂದೆ ಉಳಿಯುತ್ತದೆ ಎಂಬುದು ಪ್ರಸ್ತುತ ಲೇಖನದ ವಿಷಯ. ಸಂಗ್ರಹಾಲಯವು ತೋರಿಸುವುದು ಕೌದಿಯ ಮೇಲ್ಮೈಯನ್ನು. ಆದರೆ ಕೌದಿಯನ್ನು ಓದಬೇಕಾದದ್ದು ಅದರ ಒಳಮೈಯಿಂದ ಎಂಬುದು ನನ್ನ ವಾದ.

ಕೌದಿಯ ರಚನೆ

ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿಯು ಹಾಸಿಗೆಯೂ ಹೌದು, ಹೊದಿಕೆಯೂ ಹೌದು. ಉಟ್ಟು ಮೆತ್ತಗಾದ ನೂಲಿನ ಸೀರೆ, ಧೋತರ, ಅಂಗಿ, ಕುಪ್ಪಸಗಳು ಅದರ ಮೂಲದ್ರವ್ಯ. ಅಗಲವಾದ ಹಳೆಯ ಸೀರೆಯೊಂದನ್ನು ನೆಲದ ಮೇಲೆ ಹಾಸಿದರೆ ಅದು ಅಸ್ತರ. ಅದರ ಮೇಲೆ ಹರಿದ ಬಟ್ಟೆಗಳನ್ನು ಪದರಪದರವಾಗಿ ಹರವಿ, ಮೇಲಿನ ಪದರದಲ್ಲಿ ಗಟ್ಟಿಯಿರುವ ತುಂಡುಗಳನ್ನು ಅಂಚು ಮಡಿಸಿ ಕೂರಿಸುತ್ತಾರೆ. ಬಳಿಕ ಅಂಚಿನಿಂದ ಒಳಮುಖವಾಗಿ, ಸೂಜಿಯು ಬಟ್ಟೆಯ ಮೇಲೆ ಕೆಳಗೆ ಒಂದೇ ಅಳತೆಯಲ್ಲಿ ಓಡುವ ಸಾದಾ ಹೊಲಿಗೆಯ ಸಾಲುಗಳು ಸುತ್ತು ಹಾಕುತ್ತ ಹೋಗುತ್ತವೆ. ಈ ಸಾಲುಗಳೇ ಪದರಗಳನ್ನು ಹಿಡಿದಿಡುವ ಬಂಧ. ಸಾಲು ಒತ್ತಾಗಿದ್ದಷ್ಟೂ ಕೌದಿ ಬಾಳಿಕೆ ಬರುತ್ತದೆ. ಎಷ್ಟು ಸಲ ಒಗೆದರೂ ಒಳಪದರ ಮುದ್ದೆಗಟ್ಟುವುದಿಲ್ಲ.

ಇಲ್ಲಿ ಗಮನಿಸಬೇಕಾದ ಮೊದಲ ಅಂಶವೆಂದರೆ, ತುಂಡುಗಳ ಆಯ್ಕೆಯು ಕೇವಲ ಬಣ್ಣದ ಆಯ್ಕೆಯಲ್ಲ. ಇಳಕಲ್ಲ ಸೀರೆಯ ಕೆಂಪು ಸೆರಗು, ಗುಳೇದಗುಡ್ಡದ ಖಣದ ಚೂರು, ತೀರಿಹೋದ ಅಜ್ಜನ ರುಮಾಲಿನ ತುಣುಕು, ಮಗಳು ಶಾಲೆಗೆ ತೊಟ್ಟ ಲಂಗ ಇವು ಒಂದೊಂದೂ ಒಬ್ಬೊಬ್ಬರ ಮೈಯನ್ನು ಬಲ್ಲ ಬಟ್ಟೆಗಳು. ಹೊಲಿದವಳು ಬೆರಳಿಟ್ಟು ‘ಇದು ಯಾರದ್ದು’ ಎಂದು ಹೇಳಬಲ್ಲಳು. ಕೂಸಿಗೆ ಹಾಸುವ ಚಿಕ್ಕ ಕೌದಿಗೆ ಹಿರಿಯರು ಉಟ್ಟ ಬಟ್ಟೆಯೇ ಬೇಕೆನ್ನುವುದರ ಹಿಂದೆ ಮೆದುತನದ ವಿವೇಕವಿದೆ, ಹರಕೆಯ ಭಾವವೂ ಇದೆ. ಹೊಸ ಬಟ್ಟೆ ಎಳೆಯ ಚರ್ಮಕ್ಕೆ ಒರಟು. ಬಾಳಿ ಬದುಕಿದವರ ಬಟ್ಟೆ ಮೆತ್ತಗೆ.

ಎರಡನೆಯ ಅಂಶ ಶ್ರಮದ್ದು. ಸುಗ್ಗಿಯ ಕೆಲಸ ಮುಗಿದ ಬೇಸಗೆಯ ಬಿಡುವಿನಲ್ಲಿ ಕಟ್ಟೆಯ ಮೇಲೋ ಪಡಸಾಲೆಯಲ್ಲೋ ಕೌದಿ ಹಾಸಿಕೊಂಡು ಎರಡು ಮೂರು ಹೆಣ್ಣುಮಕ್ಕಳು ಮೂಲೆಗೊಬ್ಬರಂತೆ ಕೂತು ಹೊಲಿಯುವುದುಂಟು. ಕೂಲಿಗೆ ಕೌದಿ ಹೊಲಿದುಕೊಡುವ ವೃತ್ತಿಪರರೂ ಇದ್ದಾರೆ. ಹೀಗಾಗಿ ಒಂದು ಕೌದಿಯಲ್ಲಿ ಹಲವು ಕೈಗಳ ಹೊಲಿಗೆ ಇರಬಹುದು. ಒಬ್ಬಳ ಸಾಲು ಒತ್ತು, ಇನ್ನೊಬ್ಬಳದು ಬಿಡಿ. ಒಬ್ಬಳದು ನೇರ, ಇನ್ನೊಬ್ಬಳದು ಓರೆ. ತುಂಡುಗಳ ಬಣ್ಣದ ಗದ್ದಲದಲ್ಲಿ ಮೇಲ್ಮೈಯಲ್ಲಿ ಈ ವ್ಯತ್ಯಾಸ ಕಾಣದು. ಕೌದಿಯನ್ನು ತಿರುವಿ ಹಾಕಿದರೆ ಒಂದೇ ಬಣ್ಣದ ಅಸ್ತರದ ಮೇಲೆ ಹೊಲಿಗೆಯ ದಾರಿಯಷ್ಟೇ ಉಳಿಯುತ್ತದೆ. ಎಲ್ಲಿ ಆರಂಭವಾಯಿತು, ಎಲ್ಲಿ ಕೈ ಬದಲಾಯಿತು, ಎಲ್ಲಿ ದಾರ ಮುಗಿದು ಬೇರೆ ದಾರ ಬಂತು ಎಂಬುದನ್ನು ಅಲ್ಲಿ ಅಕ್ಷರ ಓದಿದಂತೆ ಓದಬಹುದು.

ಬಂಗಾಳದ ಕಾಂಥಾ, ಬಿಹಾರದ ಸುಜನಿ, ಮಹಾರಾಷ್ಟ್ರದ ಗೋಧಡಿ, ರಾಜಸ್ಥಾನದ ಗೂದಡಿ, ಸಿಂಧ್ ಪ್ರಾಂತದ ರಲ್ಲಿ ಇವೆಲ್ಲ ಇದೇ ಕುಟುಂಬಕ್ಕೆ ಸೇರಿದವು. ಹಳೆಯ ಬಟ್ಟೆ, ಪದರ, ಸಾದಾ ಹೊಲಿಗೆ ಎಂಬ ಮೂರು ಲಕ್ಷಣಗಳು ಇವುಗಳಿಗೆ ಸಮಾನ. ಆದ್ದರಿಂದ ಕೌದಿಯನ್ನು ಒಂದು ಸಮುದಾಯದ ಏಕಾಂತ ಸೃಷ್ಟಿ ಎಂದು ಹೇಳುವ ಮುನ್ನ ಎಚ್ಚರ ಅಗತ್ಯ. ಸಮುದಾಯದ ಗುರುತು ಇರುವುದು ಈ ಸಮಾನ ತಳಹದಿಯ ಮೇಲೆ ಅದು ಸೇರಿಸಿದ ವಿಶೇಷದಲ್ಲಿ.

ಸಿದ್ದಿಯರ ಕೌದಿ

ಈ ವಿಶೇಷವನ್ನು ಅರಿಯಲು ಸಿದ್ದಿಯರ ಕೌದಿ ಉತ್ತಮ ನಿದರ್ಶನ. ಪೂರ್ವ ಆಫ್ರಿಕದಿಂದ ಬಂದ ಜನರ ಸಂತತಿಯವರಾದ ಸಿದ್ದಿಯರು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಭಾಗಗಳಲ್ಲಿಯೂ ಅದಕ್ಕೆ ಹೊಂದಿಕೊಂಡ ಧಾರವಾಡ, ಬೆಳಗಾವಿ ಜಿಲ್ಲೆಗಳ ಕಾಡಂಚಿನಲ್ಲಿಯೂ ನೆಲೆಸಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ತರಲ್ಪಟ್ಟವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದರೆಂಬುದು ಇವರ ಚರಿತ್ರೆಯ ಮುಖ್ಯ ಎಳೆ. ಇವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಮೂರು ಮತಗಳವರಿದ್ದಾರೆ. ಕನ್ನಡ, ಕೊಂಕಣಿ, ಮರಾಠಿ, ಉರ್ದುಗಳು ಪ್ರದೇಶ ಮತ್ತು ಮತಕ್ಕನುಗುಣವಾಗಿ ಇವರ ಬಾಯಲ್ಲಿವೆ. ಉತ್ತರ ಕನ್ನಡದ ಸಿದ್ದಿಯರನ್ನು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಯರಿಗೆ ಈ ಮಾನ್ಯತೆ ದೊರೆತದ್ದು 2020ರಲ್ಲಿ.

ಮೂರು ಮತಗಳಿಗೂ ಸಮಾನವಾದ ಕಲೆಗಳಲ್ಲಿ ಕೌದಿಯೂ ಒಂದು. ಸ್ಥಳೀಯ ನುಡಿಯಲ್ಲಿ ಇದಕ್ಕೆ ‘ಕವಂದ’ ಎಂಬ ಹೆಸರೂ ಇದೆ. ಸಿದ್ದಿ ಮಹಿಳೆ ಅಸ್ತರದ ಒಂದು ಮೂಲೆಯಿಂದ ಹೊಲಿಗೆ ಆರಂಭಿಸಿ, ತುಂಡುಗಳನ್ನು ಸೇರಿಸುತ್ತ, ಅಂಚುಗಳ ಗುಂಟ ಸುತ್ತುತ್ತ ನಡುವಿನತ್ತ ಸಾಗುತ್ತಾಳೆ. ಮೇಲ್ಮೈಯ ವಿನ್ಯಾಸವನ್ನು ಮೊದಲೇ ಗೆರೆ ಹಾಕಿಕೊಳ್ಳುವುದಿಲ್ಲ. ಕೈಗೆ ಸಿಕ್ಕ ತುಂಡು, ಪಕ್ಕದ ಬಣ್ಣ, ಉಳಿದ ಜಾಗ ಈ ಮೂರರ ನಡುವೆ ಅದು ಬೆಳೆಯುತ್ತದೆ. ಕೊನೆಯಲ್ಲಿ ಮೂಲೆಗಳಿಗೆ ‘ಫುಲ’ ಸೇರಿಸುತ್ತಾಳೆ. ಚೂರುಬಟ್ಟೆಗಳನ್ನು ಹಲವು ಪದರಗಳಲ್ಲಿ ಮಡಿಸಿ ತ್ರಿಕೋನಾಕಾರದಲ್ಲಿ ಕೂರಿಸಿದ ಈ ಅಲಂಕಾರದ ಹೆಸರಿಗೆ ಹೂ ಎಂದೇ ಅರ್ಥ. ಫುಲವಿಲ್ಲದ ಕೌದಿ ಬತ್ತಲೆ ಎಂಬುದು ಅವರ ಮಾತು. ಬಳಕೆಯ ದೃಷ್ಟಿಯಿಂದ ಫುಲದಿಂದ ಯಾವ ಪ್ರಯೋಜನವೂ ಇಲ್ಲ. ಅದರಿಂದ ಕೌದಿ ಬೆಚ್ಚಗಾಗುವುದಿಲ್ಲ, ಗಟ್ಟಿಯೂ ಆಗುವುದಿಲ್ಲ. ಆದರೂ ಅದಿಲ್ಲದೆ ಕೆಲಸ ಮುಗಿಯುವುದಿಲ್ಲ. ಕೊರತೆಯಿಂದಷ್ಟೇ ಹುಟ್ಟಿದ ವಸ್ತು ಎಂದು ಕೌದಿಯನ್ನು ವಿವರಿಸುವವರಿಗೆ ಈ ಒಂದು ಮಡಿಕೆ ಸಾಕಷ್ಟು ಉತ್ತರ.

ಕೆಲವು ಕ್ರೈಸ್ತ ಸಿದ್ದಿ ಮನೆಗಳ ಕೌದಿಯಲ್ಲಿ ಶಿಲುಬೆಯ ಆಕೃತಿ, ಮುಸ್ಲಿಂ ಸಿದ್ದಿ ಮನೆಗಳ ಕೆಲವು ಕೌದಿಗಳಲ್ಲಿ ಅರ್ಧಚಂದ್ರ ಕಾಣಸಿಗುತ್ತವೆ. ಆದರೆ ಮೂಲೆಯ ಫುಲವೂ ಸುತ್ತುವ ಹೊಲಿಗೆಯೂ ಎಲ್ಲರಿಗೂ ಒಂದೇ. ಮತದ ಗುರುತು ತುಂಡಿನಲ್ಲಿದ್ದರೆ ಸಮುದಾಯದ ಗುರುತು ಬಂಧದಲ್ಲಿದೆ.

ಈ ಕೌದಿಗಳನ್ನು ವಿದ್ವತ್ ಲೋಕಕ್ಕೆ ವಿಸ್ತಾರವಾಗಿ ಪರಿಚಯಿಸಿದವರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಪ್ರಮುಖರು. ಈ ಶತಮಾನದ ಮೊದಲ ದಶಕದಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘಟನೆಯೊಂದು ರೂಪುಗೊಳ್ಳುವುದರಲ್ಲಿಯೂ ಅವರ ಪಾತ್ರವಿದೆ. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಸಂಶೋಧನ ಕೇಂದ್ರದಲ್ಲಿ ಸಿದ್ದಿ ಕೌದಿಗಳ ಪ್ರದರ್ಶನ ನಡೆಯಿತು. ಆಫ್ರಿಕನ್ ಮೂಲದ ಜನರ ಚರಿತ್ರೆಗೆ ಮೀಸಲಾದ ಆ ಕೇಂದ್ರದಲ್ಲಿ ಯಲ್ಲಾಪುರ, ಹಳಿಯಾಳದ ಕಡೆಯ ಕೌದಿಗಳು ಅಮೆರಿಕದ ಕಪ್ಪು ಮಹಿಳೆಯರ ತುಂಡುಬಟ್ಟೆಯ ಹಾಸುಗಳ ಬಂಧುಗಳಾಗಿ ಕಂಡದ್ದು ಸಹಜ.

ಇಲ್ಲಿ ಜಾನಪದ ವಿದ್ವಾಂಸರ ಮುಂದೆ ಕಠಿಣವಾದ ಪ್ರಶ್ನೆಯೊಂದು ಏಳುತ್ತದೆ. ಸಿದ್ದಿ ಕೌದಿಯನ್ನು ಆಫ್ರಿಕದ ನೆನಪು ಎಂದು ಓದಬೇಕೆ, ದಖ್ಖನದ ಕೌದಿ ಪರಂಪರೆಯ ಒಂದು ಕವಲು ಎಂದು ಓದಬೇಕೆ? ಬಣ್ಣಗಳ ದಿಟ್ಟ ಎದುರುಬದುರು, ಸಮ್ಮಿತಿಗೆ ಕಟ್ಟುಬೀಳದ ಜೋಡಣೆ ಇವು ಮೊದಲ ಓದಿಗೆ ಆಧಾರ. ಅಂಚಿನಿಂದ ಒಳಮುಖವಾಗಿ ಸುತ್ತುವ ಹೊಲಿಗೆ, ಸೀರೆಯ ಅಸ್ತರ, ಕೂಸಿನ ಕೌದಿಯ ರೂಢಿ ಇವು ಎರಡನೆಯದಕ್ಕೆ ಆಧಾರ. ನನ್ನ ದೃಷ್ಟಿಯಲ್ಲಿ ಮೇಲ್ಮೈ ಒಂದು ಸಂಬಂಧವನ್ನೂ ಒಳಮೈ ಇನ್ನೊಂದು ಸಂಬಂಧವನ್ನೂ ಹೇಳುತ್ತಿದೆ. ಒಂದನ್ನು ಒಪ್ಪಲು ಇನ್ನೊಂದನ್ನು ತಳ್ಳಬೇಕಾಗಿಲ್ಲ. ಆದರೆ ಮೇಲ್ಮೈಯನ್ನಷ್ಟೇ ತೋರಿಸುವ ಪ್ರದರ್ಶನವು ನೋಡುಗರಿಗೆ ಒಂದು ಉತ್ತರವನ್ನು ಮಾತ್ರ ಒದಗಿಸುತ್ತದೆ.

ವೈವಿಧ್ಯ ಎಂಬ ವಾಚನ

ತುಂಡುಬಟ್ಟೆಯ ಹಾಸು ವೈವಿಧ್ಯದ ರೂಪಕವಾಗುವುದು ಸುಲಭ. ನಮ್ಮ ರಾಜ್ಯದಲ್ಲಿಯೇ ಇದರ ಈಚಿನ ನಿದರ್ಶನವಿದೆ. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಕಾರ್ಯಪಡೆಯ ಸಭೆಯ ಸಂದರ್ಭದಲ್ಲಿ ಸಂಡೂರು ಕುಶಲ ಕಲಾ ಕೇಂದ್ರದೊಂದಿಗೆ ಸಂಬಂಧವಿರುವ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಸುಮಾರು 1,755 ಕಸೂತಿ ತುಂಡುಗಳನ್ನು ಸಿದ್ಧಪಡಿಸಿದರು. ಲಂಬಾಣಿ ವಸ್ತುಗಳ ಅತಿ ದೊಡ್ಡ ಪ್ರದರ್ಶನವೆಂದು ಅದು ಗಿನ್ನೆಸ್ ದಾಖಲೆಯನ್ನೂ ಸೇರಿತು. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕಲೆಯೊಂದಕ್ಕೆ ಇಷ್ಟು ದೊಡ್ಡ ವೇದಿಕೆ ದೊರೆತದ್ದು ಸಂತೋಷದ ಸಂಗತಿ. ಆದರೆ ಇಂತಹ ದಾಖಲೆಗಳು ಎಣಿಕೆಯ ದಾಖಲೆಗಳು. ಒಂದು ತುಂಡನ್ನು ಯಾವ ತಾಂಡಾದ ಯಾವ ಕೈ ಹೊಲಿಯಿತು, ಅದರಲ್ಲಿ ಯಾವ ಹೊಲಿಗೆಗಳಿವೆ ಎಂಬ ವಿವರಕ್ಕೆ ಎಣಿಕೆಯಲ್ಲಿ ಜಾಗವಿಲ್ಲ.

ರೂಪಕದ ಇನ್ನೊಂದು ತೊಡಕೂ ಇದೆ. ವೈವಿಧ್ಯ ಎಂಬ ಮಾತು ತುಂಡುಗಳೆಲ್ಲ ತಾವಾಗಿಯೇ ಬಂದು ಸೇರಿದವು ಎಂಬ ಭಾವನೆ ಹುಟ್ಟಿಸುತ್ತದೆ. ಕೌದಿಯಲ್ಲಿ ಯಾವ ತುಂಡೂ ತಾನಾಗಿ ಸೇರಿಲ್ಲ. ಹರಿದದ್ದಕ್ಕೆ ಕಾರಣವಿದೆ, ಕತ್ತರಿಸಿದ ಕೈಯಿದೆ, ಕೂರಿಸಿದ ಕ್ರಮವಿದೆ. ಸಿದ್ದಿಯರು ಈ ನಾಡಿಗೆ ಸೇರಿದ್ದೂ ಹಾಗೆಯೇ. ಅದರ ಹಿಂದೆ ಗುಲಾಮಗಿರಿಯ ಚರಿತ್ರೆ ಇದೆ. ‘ಭಾರತದ ಬಹುತ್ವದ ಸಂಕೇತ’ ಎಂಬ ಒಂದು ಸಾಲಿನ ಫಲಕ ಈ ಚರಿತ್ರೆಯನ್ನು ಮುಚ್ಚಿಬಿಡಬಲ್ಲದು.

ಹೊಲಿದವರ ಹೆಸರು

ಈ ಮಾತನ್ನು ಬೇರೆಯವರ ಮೇಲಿನ ಆಕ್ಷೇಪವಾಗಿ ನಾನು ಹೇಳುತ್ತಿಲ್ಲ. ಹಲವು ವರ್ಷಗಳ ಹಿಂದೆ ಜಯನಗರದ ಸಭಾಂಗಣವೊಂದರಲ್ಲಿ ಜನಪದ ವಸ್ತುಗಳ ಸಣ್ಣ ಪ್ರದರ್ಶನ ಏರ್ಪಟ್ಟಾಗ ಫಲಕಗಳನ್ನು ಬರೆಯುವ ಹೊಣೆ ನನ್ನದಾಗಿತ್ತು. ಕಟ್ಟಡದ ಕೆಲಸಕ್ಕೆ ಬಂದಿದ್ದ ಯಾದಗಿರಿ ಕಡೆಯ ಮಹಿಳೆಯೊಬ್ಬರಿಂದ ಎರವಲು ತಂದ ಕೌದಿಯ ಕೆಳಗೆ ‘ಕೌದಿ, ಉತ್ತರ ಕರ್ನಾಟಕ, ಹೊಲಿದವರು: ಅಜ್ಞಾತ’ ಎಂದು ಬರೆದಿದ್ದೆ. ಜಾನಪದವೆಂದರೆ ಕರ್ತೃವಿಲ್ಲದ್ದು ಎಂಬ ಪಾಠ ಕೈಗೆ ಅಷ್ಟು ರೂಢಿಯಾಗಿತ್ತು. ಪ್ರದರ್ಶನದ ಕೊನೆಯ ದಿನ ಕೌದಿ ಮರಳಿ ಒಯ್ಯಲು ಆಕೆ ಮಗನೊಂದಿಗೆ ಬಂದರು. ಮಗ ಫಲಕವನ್ನು ಓದಿ ಹೇಳಿದ. ಆಕೆ ಸಿಟ್ಟಾಗಲಿಲ್ಲ. ಕೌದಿಯನ್ನು ಇಳಿಸಿ, ನೆಲದ ಮೇಲೆ ಮಗುಚಿ ಹಾಸಿ, ‘ಇಲ್ಲೀತನಕಾ ನಮ್ಮವ್ವಂದು, ಇಲ್ಲಿಂದ ನಂದು’ ಎಂದು ಹೊಲಿಗೆಯ ಸಾಲನ್ನು ತೋರಿಸಿದರು. ಎರಡು ಕೈಗಳ ನಡುವಿನ ಗೆರೆ ಸ್ಪಷ್ಟವಾಗಿತ್ತು. ಹತ್ತು ದಿನ ಗೋಡೆಯ ಮೇಲಿದ್ದ ಆ ಕೌದಿಯ ಒಳಮೈಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಜನಪದ ಹೊಲಿಗೆಯಲ್ಲಿ ಹೆಸರಿಗೆ ಜಾಗವಿಲ್ಲ ಎಂಬುದು ಸರಿಯಲ್ಲ. ಕೋಲ್ಕತ್ತದ ಜೋಕಾದ ಗುರುಸದಯ ಸಂಗ್ರಹಕ್ಕೆ ಸೇರಿದ ಪ್ರಸಿದ್ಧ ಕಾಂಥಾವೊಂದರಲ್ಲಿ ಅದನ್ನು ಹೊಲಿದ ಮಾನದಾಸುಂದರಿ ತನ್ನ ಹೆಸರನ್ನೂ ಅದು ತಂದೆಗಾಗಿ ಮಾಡಿದ್ದೆಂಬುದನ್ನೂ ದಾರದಲ್ಲಿಯೇ ಬರೆದಿದ್ದಾಳೆ. ಹೊರಗಿನ ಲೋಕದಲ್ಲಿ ನೋಡಿದರೆ, ಅಮೆರಿಕದಲ್ಲಿ ಏಡ್ಸ್‌ನಿಂದ ತೀರಿಕೊಂಡವರ ನೆನಪಿಗಾಗಿ ಹೊಲಿದು 1987ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಹಾಸಿದ ಬೃಹತ್ ಹಾಸಿನಲ್ಲಿ 1,920 ಫಲಕಗಳಿದ್ದವು. ಪ್ರತಿ ಫಲಕವೂ 3 ಅಡಿ ಅಗಲ, 6 ಅಡಿ ಉದ್ದ, ಅಂದರೆ ಸುಮಾರು ಒಂದು ಸಮಾಧಿಯ ಅಳತೆ. ಹೆಸರುಗಳನ್ನು ತೆಗೆದರೆ ಆ ಹಾಸಿಗೆ ಅರ್ಥವೇ ಇಲ್ಲ.

ಹೆಸರು ಕೇವಲ ಗೌರವದ ವಿಷಯವಲ್ಲ, ಹಕ್ಕಿನ ವಿಷಯವೂ ಹೌದು. ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಮಹಿಳೆಯರ ಹಾಸುಗಳು 2002ರಲ್ಲಿ ಹ್ಯೂಸ್ಟನ್, ನ್ಯೂಯಾರ್ಕ್‌ಗಳ ಕಲಾ ಸಂಗ್ರಹಾಲಯಗಳಿಗೆ ಬಂದವು. 2006ರಲ್ಲಿ ಅವುಗಳ ಚಿತ್ರವಿದ್ದ ಅಂಚೆಚೀಟಿಗಳು ಹೊರಬಂದವು. 2007ರಲ್ಲಿ ಅದೇ ಹಳ್ಳಿಯ ಕೆಲವು ಮಹಿಳೆಯರು ತಮಗೆ ಸಲ್ಲಬೇಕಾದ ಪಾಲು ಸಂದಿಲ್ಲವೆಂದು ನ್ಯಾಯಾಲಯದ ಮೆಟ್ಟಿಲೇರಿದರು. ಮರುವರ್ಷ ಆ ವ್ಯಾಜ್ಯಗಳು ರಾಜಿಯಲ್ಲಿ ಮುಗಿದವು. ವಿನ್ಯಾಸಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಬಂದಾಗ ಅದು ಯಾರದ್ದು ಎಂಬ ಪ್ರಶ್ನೆ ಏಳುವುದು ಅನಿವಾರ್ಯ. ‘ಅಜ್ಞಾತ’ ಎಂದು ನಾವು ಬರೆದಿಟ್ಟರೆ ಆ ಪ್ರಶ್ನೆ ಕೇಳುವವರಿಗೆ ಆಧಾರವೇ ಇಲ್ಲದಂತಾಗುತ್ತದೆ.

ಬಿಸಿಲು ಮತ್ತು ಮಬ್ಬು ಬೆಳಕು

ಸಂರಕ್ಷಣೆಯ ಪ್ರಶ್ನೆಯೂ ಇಲ್ಲಿ ಮುಖ್ಯ. ಬಣ್ಣ ಮಾಸದಿರಲೆಂದು ಜವಳಿ ವಸ್ತುಗಳನ್ನು ಸುಮಾರು 50 ಲಕ್ಸ್ ಬೆಳಕಿನಲ್ಲಷ್ಟೇ ಪ್ರದರ್ಶಿಸಬೇಕೆಂಬುದು ಸಂಗ್ರಹಾಲಯಗಳ ಸಾಮಾನ್ಯ ನಿಯಮ. ತೂಗುಹಾಕಿದಾಗ ಕೌದಿಯ ಭಾರವೇ ಅದರ ಹೊಲಿಗೆಯನ್ನು ಜಗ್ಗುತ್ತದೆ. ಆದ್ದರಿಂದ ಓರೆಯಾದ ಹಲಗೆಯ ಮೇಲೆ ಮಲಗಿಸಿ ತೋರಿಸುವುದು ಲೇಸು. ಇವೆಲ್ಲ ಸರಿಯಾದ ಕ್ರಮಗಳೇ. ಆದರೆ ಮನೆಯಲ್ಲಿ ಕೌದಿಯ ಆರೈಕೆ ಇದಕ್ಕೆ ತದ್ವಿರುದ್ಧ: ಹೊಳೆಯ ಕಲ್ಲಿನ ಮೇಲೆ ಕುಕ್ಕಿ ಒಗೆಯುವುದು, ಸುಡುಬಿಸಿಲಿಗೆ ಹರವುವುದು, ಹರಿದಲ್ಲಿ ಮತ್ತೆ ತೇಪೆ ಹಾಕುವುದು. ಪೂರ್ತಿ ಸವೆದ ಕೌದಿ ಹೊಸ ಕೌದಿಯ ಒಳಪದರವಾಗುತ್ತದೆ. ಹೀಗೆ ಒಂದು ಕೌದಿಯ ಹೊಟ್ಟೆಯಲ್ಲಿ ಇನ್ನೊಂದು ಕೌದಿ ಇರಬಹುದು. ಸಂಗ್ರಹಾಲಯವನ್ನು ಸೇರಿದ ಕೌದಿಗೆ ಈ ಮುಂದಿನ ಜನ್ಮವಿಲ್ಲ. ಅದನ್ನು ಉಳಿಸಿಕೊಳ್ಳುವುದೆಂದರೆ ಅದರ ಬದುಕನ್ನು ಒಂದು ಹಂತದಲ್ಲಿ ನಿಲ್ಲಿಸುವುದು ಎಂಬ ಅರಿವು ದಾಖಲೆಯಲ್ಲಿ ಕಾಣಬೇಕು.

ಬಳಕೆಯ ಲೋಕವೂ ಬದಲಾಗಿದೆ. ನೂಲಿನ ಸೀರೆಯ ಜಾಗದಲ್ಲಿ ಪಾಲಿಸ್ಟರ್ ಬಂದಿದೆ. ಅದು ಬೇಗ ಸವೆಯದು, ಆದರೆ ಮೆತ್ತಗಾಗದು, ಬೆವರು ಹೀರದು. ಅಗ್ಗದ ಕಂಬಳಿ, ಫೋಮಿನ ಹಾಸಿಗೆಗಳ ಮುಂದೆ ತಿಂಗಳುಗಟ್ಟಲೆಯ ಹೊಲಿಗೆಗೆ ಬಿಡುವೂ ಇಲ್ಲ. ಹೊಲಿಗೆ ಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಕೇಳಿ ಬರೆದುಕೊಳ್ಳಬೇಕಾದ ಅವಸರ ಇದರಿಂದ ಹೆಚ್ಚಿದೆ.

ದಾಖಲಾತಿಗೆ ಕೆಲವು ಸೂಚನೆಗಳು

ಜನಪದ ವಸ್ತುಸಂಸ್ಕೃತಿಯ ಸಂಗ್ರಹದಲ್ಲಿ ಕರ್ನಾಟಕಕ್ಕೆ ಗಟ್ಟಿಯಾದ ಪರಂಪರೆಯಿದೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಇವು ಒಂದು ತಲೆಮಾರಿನ ಶ್ರಮದ ಫಲಗಳು. ಜೆ.ಪಿ. ನಗರದಲ್ಲಿ 2019ರಲ್ಲಿ ಆರಂಭವಾದ ಸಂಗೀತ ವಸ್ತುಸಂಗ್ರಹಾಲಯವು ನೋಡುವುದರ ಜೊತೆಗೆ ಕೇಳುವುದನ್ನೂ ಪ್ರದರ್ಶನದ ಭಾಗವಾಗಿಸಿದೆ. ಕೌದಿಗೂ ಅಂತಹುದೇ ಕ್ರಮ ಬೇಕು. ಈ ಹಿನ್ನೆಲೆಯಲ್ಲಿ ಕೆಳಗಿನ ಅಂಶಗಳನ್ನು ಸಂಗ್ರಾಹಕರ ಪರಿಶೀಲನೆಗೆ ಇಡಬಹುದು.

1. ಹೊಲಿದವರ, ಜೊತೆಗೂಡಿದವರ ಹೆಸರನ್ನು ಅವರ ಒಪ್ಪಿಗೆಯೊಂದಿಗೆ ಬರೆದುಕೊಳ್ಳಬೇಕು. ಹೆಸರು ತಿಳಿಯದಿದ್ದರೆ ‘ಅಜ್ಞಾತ’ ಎನ್ನುವ ಬದಲು ‘ಕೇಳಿ ದಾಖಲಿಸಿಲ್ಲ’ ಎಂದು ಬರೆಯುವುದು ಪ್ರಾಮಾಣಿಕ. ಮೊದಲನೆಯ ಪದ ಕೊರತೆಯನ್ನು ಹೊಲಿದವಳ ಮೇಲೆ ಹೊರಿಸುತ್ತದೆ; ಎರಡನೆಯದು ನಮ್ಮ ಮೇಲೆ.

2. ಪ್ರತಿ ತುಂಡಿನ ಮೂಲವನ್ನು, ಅದು ಯಾರ ಬಟ್ಟೆ, ಯಾವ ನೇಯ್ಗೆ, ಯಾವ ಸಂದರ್ಭದ್ದು ಎಂಬುದನ್ನು, ಕೌದಿಯ ನಕ್ಷೆಯೊಂದರ ಮೇಲೆ ಗುರುತಿಸಬೇಕು.

3. ಹೊಲಿಗೆಯ ಆರಂಭ, ದಿಕ್ಕು, ಕೈ ಬದಲಾದ ಜಾಗಗಳನ್ನು ಒಳಮೈಯ ಛಾಯಾಚಿತ್ರದೊಂದಿಗೆ ದಾಖಲಿಸಬೇಕು. ಸಾಧ್ಯವಾದಲ್ಲಿ ಎರಡೂ ಮೈ ಕಾಣುವಂತೆ ಪ್ರದರ್ಶಿಸಬೇಕು; ಇಲ್ಲವಾದರೆ ಒಳಮೈಯ ಪೂರ್ಣಗಾತ್ರದ ಚಿತ್ರವನ್ನಾದರೂ ಪಕ್ಕದಲ್ಲಿಡಬೇಕು.

4. ಫುಲದಂತಹ ಭಾಗಗಳಿಗೆ ಸಮುದಾಯದ ಮಾತನ್ನೇ ಉಳಿಸಿಕೊಳ್ಳಬೇಕು. ‘ಮೂಲೆಯ ಅಲಂಕಾರ’ ಎಂಬ ಅನುವಾದ ಅದರ ಅಗತ್ಯವನ್ನು ಹೇಳದು.

5. ವಿನ್ಯಾಸದ ಮರುಬಳಕೆ, ಮಾರಾಟಗಳಿಂದ ಬರುವ ಆದಾಯದಲ್ಲಿ ಹೊಲಿದವರ ಪಾಲನ್ನು ಸಂಗ್ರಹದ ಹಂತದಲ್ಲಿಯೇ ಲಿಖಿತವಾಗಿ ನಿಗದಿಪಡಿಸಬೇಕು.

ಬಿ.ಟಿ.ಎಂ. ಬಡಾವಣೆಯಲ್ಲಿ ವಾಸಿಸುವ ಅನೇಕರಿಗೆ ಆ ಮೂರು ಅಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರಿನ ತುಣುಕುಗಳೆಂಬುದು ಗೊತ್ತಿಲ್ಲ. ಜೋಡಣೆ ಉಳಿದು ಹೆಸರು ಮರೆಯಾದ ನಿದರ್ಶನ ಅದು. ಇಂದು ಅದೇ ನಗರದಲ್ಲಿ ತಗಡಿನ ಶೆಡ್ಡಿನ ಮುಂದೆ ಒಣಗುತ್ತಿರುವ ಕೌದಿಯ ವಿಷಯದಲ್ಲಿ ಹಾಗಾಗಬೇಕಿಲ್ಲ. ಹೊಲಿದವರು ಅದರ ಪಕ್ಕದಲ್ಲಿಯೇ ಇದ್ದಾರೆ. ಕಟ್ಟಡ ಮುಗಿದ ಮೇಲೆ ಅವರು ಬೇರೆಡೆಗೆ ಹೋಗುತ್ತಾರೆ. ಅಷ್ಟರೊಳಗೆ ಹೋಗಿ ಕೇಳುವುದು ಜಾನಪದ ಸಂಶೋಧಕರ ಕೆಲಸ.